ಸೂರ್ಯನಿಗೂ ಒಂದು ಕೊಟೇಶನ್

ಸರ್ಕಾರ ಪುಕ್ಕಟೆ ಕೊಟ್ಟದ್ದನ್ನು ನಾವು ಹಕ್ಕು ಅನ್ನುತ್ತೇವೆ. ಸೂರ್ಯ ಪುಕ್ಕಟೆ ಕೊಟ್ಟದ್ದಕ್ಕೆ ಮಾತ್ರ ‘ಪೇಬ್ಯಾಕ್ ಎಷ್ಟು ವರ್ಷ?’ ಎಂದು ಕೇಳುತ್ತೇವೆ. ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿನ ಮೊದಲ ಸುತ್ತು ಶುಗರಿಗೆ ಮೀಸಲು. ಎರಡನೆಯದು ಇತ್ತೀಚೆಗೆ ಪೂರ್ತಿಯಾಗಿ ಸೋಲಾರಿಗೆ ಹೋಗಿದೆ. ಕಿಲೋವ್ಯಾಟ್, ನೆಟ್ ಮೀಟರ್, ಸಬ್ಸಿಡಿ ಎಂಬ ಮಾತುಗಳು ಕೇಳಿಬರುತ್ತವೆ. ಬಿಸಿಲು ಏರುವ ಹೊತ್ತಿಗೆ ಎಲ್ಲರೂ ನೆರಳು ಹುಡುಕಿಕೊಂಡು ಮನೆಗೆ ಹೋಗುತ್ತಾರೆ.

ಈ ಪೇಬ್ಯಾಕ್ ಶಾಸ್ತ್ರದಲ್ಲಿ ನಮ್ಮ ಕಡೆಯ ಘನವಿದ್ವಾಂಸರೆಂದರೆ ನಾಲ್ಕನೇ ಅಡ್ಡರಸ್ತೆಯ ನಿವೃತ್ತ ಆಡಿಟರು. ಅವರು ಮನೆಗೆ ಸೋಲಾರ್ ಹಾಕಿಸಬೇಕೋ ಬೇಡವೋ ಎಂದು 2014ರಿಂದ ಯೋಚಿಸುತ್ತಿದ್ದಾರೆ. ತಾರಸಿಯಲ್ಲಿ ತಯಾರಾದ ಕರೆಂಟನ್ನು ಸರಬರಾಜು ಕಂಪನಿಗಳು ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಕೊಟ್ಟು ಕೊಳ್ಳಬೇಕು ಎಂದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ದರ ಗೊತ್ತುಮಾಡಿದ್ದ ಕಾಲ ಅದು. ‘ನಾವು ಕೊಳ್ಳೋದಕ್ಕಿಂತ ಜಾಸ್ತಿ ಕೊಟ್ಟು ಅವರು ಕೊಳ್ತಾರಂತೆ! ಎಲ್ಲೋ ಮೋಸ ಇದೆ’ ಎಂದು ಆಡಿಟರು ಆಗ ಸುಮ್ಮನಾದರು. ಧೈರ್ಯ ಮಾಡಿದ ಕೆಲವರು ಇಪ್ಪತ್ತೈದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ ತಾರಸಿಯ ಜಮೀನುದಾರರಾದರು. 2016ರಲ್ಲಿ ಹೊಸಬರಿಗೆ ಆ ದರ ಇಳಿಯಿತು. ‘ನಾನು ಹೇಳಿರಲಿಲ್ವಾ?’ ಎಂದರು ಆಡಿಟರು, ತಾವೇ ಇಳಿಸಿದ ಗತ್ತಿನಲ್ಲಿ. ಆಮೇಲೆ ಪ್ಯಾನೆಲ್ಲುಗಳ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿಯತೊಡಗಿತು. ‘ಇನ್ನೂ ಇಳಿಯುತ್ತೆ, ತಡೀರಿ’ ಎಂದು ಮತ್ತಷ್ಟು ಕಾಲ ತಡೆದರು. 2025ರ ಸೆಪ್ಟೆಂಬರ್ 22ರಂದು ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ದಿನ, ಹಿಂದಿನ ತಿಂಗಳಷ್ಟೇ ಹಾಕಿಸಿಕೊಂಡಿದ್ದವರ ಮನೆಗಳಿಗೆ ಒಂದೊಂದಾಗಿ ಹೋಗಿ ಸಂತಾಪ ಸೂಚಿಸಿ ಬಂದರು. ತಮ್ಮ ಮನೆಗೆ ಹಾಕಿಸಲಿಲ್ಲ. ತೆರಿಗೆ ಶೂನ್ಯವಾಗುವ ಸಾಧ್ಯತೆಯನ್ನು ತಳ್ಳಿಹಾಕುವ ಹಾಗಿಲ್ಲವಲ್ಲ.

ಹಾಗೆ ನೋಡಿದರೆ ನಮ್ಮೂರಿಗೆ ಸೋಲಾರ್ ಹೊಸದಲ್ಲ. ಬಡಾವಣೆಯ ಮುಕ್ಕಾಲು ಪಾಲು ತಾರಸಿಗಳ ಮೇಲೆ ಬಿಸಿನೀರಿನ ಸೋಲಾರ್ ಕೂತಿದೆ. ಅದಕ್ಕೆ ಯಾರೂ ಪೇಬ್ಯಾಕ್ ಕೇಳಲಿಲ್ಲ. ಕೇಳುವುದಕ್ಕೆ ಅವಕಾಶವೇ ಇರಲಿಲ್ಲ. 2007ರ ಸರ್ಕಾರಿ ಆದೇಶದ ಮೇಲೆ, ಹೊಸ ಮನೆಗೆ ಕರೆಂಟ್ ಕನೆಕ್ಷನ್ ಬೇಕಾದರೆ ಸೋಲಾರ್ ಹೀಟರ್ ಇರಲೇಬೇಕು ಎಂದಾಯಿತು. ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿಯೂ ಇತ್ತು. ಕಡ್ಡಾಯ ಮಾಡಿದರೆ ನಾವು ಗೊಣಗುತ್ತ ಹಾಕಿಸಿಕೊಂಡು ಜೀವನಪೂರ್ತಿ ಬಿಸಿನೀರು ಹುಯ್ದುಕೊಳ್ಳುತ್ತೇವೆ. ಆಯ್ಕೆ ಮಾಡಿಕೊಳ್ಳಿ ಎಂದರೆ ಮಾತ್ರ ಎಕ್ಸೆಲ್ ತೆರೆಯುತ್ತೇವೆ.

ಎಕ್ಸೆಲ್ ತೆರೆಯುವ ಸುಗ್ಗಿ ಶುರುವಾದದ್ದು 2024ರ ಫೆಬ್ರುವರಿಯಲ್ಲಿ, ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ. ಒಂದು ಕೋಟಿ ಮನೆಗಳು, 75,021 ಕೋಟಿ ರೂಪಾಯಿ, ತಿಂಗಳಿಗೆ 300 ಯೂನಿಟ್ ತನಕ ಮುಫ್ತ್ ಬಿಜಲಿ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಮೂರರ ಮೇಲೆ ಎಷ್ಟು ಹಾಕಿಸಿದರೂ ಅಷ್ಟೇ. ಅಂದಿನಿಂದ ಬೆಂಗಳೂರಿನ ಪ್ರತಿ ಮನೆಗೂ ಬೇಕಾದ ಕರೆಂಟು ಸರಿಯಾಗಿ ಮೂರೇ ಕಿಲೋವ್ಯಾಟು ಎಂಬುದು ಪತ್ತೆಯಾಯಿತು. ಕೊಟೇಶನ್ ಹಿಡಿದು ಬರುವ ಹುಡುಗರು ನಿಮ್ಮ ಮನೆಯಲ್ಲಿ ಎಷ್ಟು ಜನ, ಪಂಪ್ ಎಷ್ಟು ಎಚ್‌ಪಿ, ಗೀಸರ್ ಇದೆಯೋ ಎಂದು ಕೇಳುವುದಿಲ್ಲ. ‘ಮೂರು ಹಾಕ್ಸಿಬಿಡಿ ಸಾರ್’ ಅನ್ನುತ್ತಾರೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೂ ಮೂರು, ಮೂರು ಸಂಸಾರ ತುಂಬಿಕೊಂಡ ಮನೆಗೂ ಮೂರು.

ಆಡಿಟರ ಮನೆಗೂ ಕೊಟೇಶನ್ ಬಂತು. ಬಣ್ಣ ಬಣ್ಣದ ಹನ್ನೆರಡು ಪುಟ. ಮೊದಲ ಪುಟದಲ್ಲಿ ಭೂಮಿ, ಅದರ ಮೇಲೆ ಎರಡು ಕೈ, ಕೈಗಳ ನಡುವೆ ಒಂದು ಸಸಿ. ಕೊನೆಯ ಪುಟದಲ್ಲಿ ನೀವು ಉಳಿಸಲಿರುವ ಮರಗಳ ಸಂಖ್ಯೆ. ಆಡಿಟರು ಭೂಮಿಯನ್ನೂ ಮರಗಳನ್ನೂ ಮಗುಚಿ ನೇರವಾಗಿ ಏಳನೇ ಪುಟಕ್ಕೆ ಬಂದರು. ಸುಮಾರು ಎರಡು ಲಕ್ಷ. ಸಬ್ಸಿಡಿ ಕಳೆದರೆ ಒಂದು ಲಕ್ಷದ ಇಪ್ಪತ್ತು ಸಾವಿರ. ಮೂರು ಕಿಲೋವ್ಯಾಟಿಗೆ ನೆರಳಿಲ್ಲದ ಮುನ್ನೂರು ಚದರಡಿ ಜಾಗ. ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್, ತಿಂಗಳಿಗೆ 360. ‘ನಾಲ್ಕೂವರೆ ವರ್ಷಕ್ಕೆ ದುಡ್ಡು ವಾಪಸ್ ಸಾರ್, ಉಳಿದ ಇಪ್ಪತ್ತು ವರ್ಷ ಫ್ರೀ’ ಎಂದ ಹುಡುಗ.

‘ಯಾರ ದುಡ್ಡು ವಾಪಸ್?’ ಎಂದರು ಆಡಿಟರು.

ಪ್ರಶ್ನೆ ಸರಿಯಾಗಿಯೇ ಇತ್ತು. ಆಡಿಟರ ಮನೆಯ ಕರೆಂಟ್ ಬಿಲ್ಲು ಸೊನ್ನೆ. ಎರಡು ಜೀವ, ನಾಲ್ಕು ಫ್ಯಾನು, ಒಂದು ಫ್ರಿಜ್ಜು, ಸಂಜೆಯ ಟಿವಿ. ತಿಂಗಳಿಗೆ 140 ಯೂನಿಟ್ ದಾಟುವುದಿಲ್ಲ. 2023ರ ಜುಲೈಯಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಬೆಳಗುತ್ತಿದೆ, ಬಿಲ್ಲಿನ ಕೆಳಗೆ ದೊಡ್ಡ ಸೊನ್ನೆ ಬರುತ್ತಿದೆ. ಒಂದು ಲಕ್ಷದ ಇಪ್ಪತ್ತು ಸಾವಿರವನ್ನು ತಿಂಗಳ ಉಳಿತಾಯದಿಂದ ಭಾಗಿಸಿದಾಗ ಎಕ್ಸೆಲ್ ಉತ್ತರ ಕೊಡದೆ, ಸೊನ್ನೆಯಿಂದ ಭಾಗಿಸಲಾಗದು ಎಂದು ಕೆಂಪಗಾಯಿತು. ನಲವತ್ತು ವರ್ಷ ಕಂಪನಿಗಳ ಲೆಕ್ಕ ನೋಡಿದ ಆಡಿಟರಿಗೆ ಗಣಿತವೇ ಕೈಮುಗಿದು ನಿಂತದ್ದು ಇದೇ ಮೊದಲು.

ಗೃಹಜ್ಯೋತಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ರಸ ಇರುವುದೇ ಅಲ್ಲಿ. 200 ಯೂನಿಟ್ ಪುಕ್ಕಟೆ ಎಂದು ಘೋಷಣೆ. ಆದರೆ ನಿಮಗೆ ಸಿಗುವುದು ನೀವು 2022–23ರಲ್ಲಿ ಬಳಸಿದ ಸರಾಸರಿ, ಅದರ ಮೇಲೆ ಶೇ 10 ಎಂದು ಯೋಜನೆ ಶುರುವಾಯಿತು. ಆ ವರ್ಷ ಲೈಟು ಆರಿಸಿ, ಫ್ಯಾನು ನಿಲ್ಲಿಸಿ, ಕರೆಂಟು ಉಳಿಸಿದ ಸಂಭಾವಿತರಿಗೆ ಕಡಿಮೆ. ಆ ವರ್ಷ ಬೇಕಾಬಿಟ್ಟಿ ಉರಿಸಿದವರಿಗೆ ಜಾಸ್ತಿ. ಮಿತವ್ಯಯಕ್ಕೆ ಇಷ್ಟು ನಿಖರವಾದ ದಂಡ ಹಾಕಿದ ಇನ್ನೊಂದು ಯೋಜನೆ ನನಗೆ ನೆನಪಾಗುತ್ತಿಲ್ಲ. ಆಡಿಟರ ಪತ್ನಿ ಇದನ್ನು ಇವತ್ತಿಗೂ ಕ್ಷಮಿಸಿಲ್ಲ. ‘ಆ ವರ್ಷ ನೀವು ಬಾತ್‌ರೂಮ್ ಲೈಟಿಗೂ ಬೈತಿದ್ರಿ. ಬೈದೇ ಇದ್ದಿದ್ರೆ ಇವತ್ತು ಇನ್ನೂ ಮೂವತ್ತು ಯೂನಿಟ್ ಫ್ರೀ ಇರ್ತಿತ್ತು.’

ಇನ್ನು 200ರ ಗೆರೆ. ದಾಟದೆ ನಿಮ್ಮ ಪುಕ್ಕಟೆ ಪಾಲಿನೊಳಗೇ ಇದ್ದರೆ ಬಿಲ್ಲು ಸೊನ್ನೆ. ಪಾಲು ಮೀರಿದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. 2025ರ ಏಪ್ರಿಲ್‌ನಿಂದ ಬಂದ ದರದಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿಗೆಂದು 36 ಪೈಸೆ, ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ, ಶೇ 9 ತೆರಿಗೆ. ಪಾಲು ಪೂರ್ತಿ 200 ಇರುವ, ಮೂರು ಕಿಲೋವ್ಯಾಟ್ ಲೋಡಿನ ಮನೆಯಲ್ಲಿ 200 ಯೂನಿಟ್ಟಿಗೆ ಸೊನ್ನೆ, 201ಕ್ಕೆ ಹೆಚ್ಚು ಕಡಿಮೆ 1,775 ರೂಪಾಯಿ. ಅಂದರೆ ಆ ಇನ್ನೂರ ಒಂದನೆಯ ಯೂನಿಟ್ಟಿನ ಬೆಲೆ 1,775 ರೂಪಾಯಿ. ಇಷ್ಟು ದುಬಾರಿಯಾದ ಕರೆಂಟು ಅಂತರಿಕ್ಷ ನಿಲ್ದಾಣದಲ್ಲಾದರೂ ಇದೆಯೋ ಇಲ್ಲವೋ. ಅದು ಉರಿಯುವುದು ಸಾಮಾನ್ಯವಾಗಿ ತಿಂಗಳ ಕೊನೆಯ ವಾರ, ಅಳಿಯ ಬಂದಿದ್ದಾಗ, ಗೀಸರಿನಲ್ಲಿ.

ಹಾಗಾಗಿ ನಮ್ಮ ಕಡೆ ತಿಂಗಳ ಇಪ್ಪತ್ತನೇ ತಾರೀಕಿನ ನಂತರ ಮನೆಮನೆಯಲ್ಲೂ ಒಂದು ತುರ್ತು ಪರಿಸ್ಥಿತಿ ಜಾರಿಯಾಗುತ್ತದೆ. ಅಪ್ಪಂದಿರು ಮೊಬೈಲಿನ ಟಾರ್ಚ್ ಹಿಡಿದು ಮೀಟರ್ ಬೋರ್ಡಿಗೆ ಭೇಟಿ ಕೊಡುತ್ತಾರೆ. ಇಸ್ತ್ರಿ ಬಟ್ಟೆ ಮೂಲೆಯ ತಳ್ಳುಗಾಡಿಗೆ ಹೋಗುತ್ತದೆ. ಒರಳುಕಲ್ಲು ನೆನಪಾಗುತ್ತದೆ. ‘ಮೀಟರ್ ರೀಡರ್ ಬರ್ಲಿ, ಆಮೇಲೆ ವಾಷಿಂಗ್ ಮೆಷಿನ್’ ಎಂದು ಮಕ್ಕಳ ಯೂನಿಫಾರ್ಮು ಬುಟ್ಟಿಯಲ್ಲಿ ಕಾಯುತ್ತದೆ. ಎರಡನೇ ಅಡ್ಡರಸ್ತೆಯ ಒಬ್ಬರು ಈಚೆಗೆ ತಿಂಗಳಿಗೆ 240 ಯೂನಿಟ್ ಬಳಸುತ್ತಿದ್ದರು. ಅವರ ಮುಂದೆ ಎರಡು ದಾರಿ ಇದ್ದವು. ಒಂದೂಕಾಲು ಲಕ್ಷ ಹಾಕಿ ಸೋಲಾರ್ ಹಾಕಿಸುವುದು, ಇಲ್ಲವೇ ಗೀಸರಿನ ಸ್ವಿಚ್ಚಿನ ಪಕ್ಕ ಒಂದು ಕುರ್ಚಿ ಹಾಕಿಸುವುದು. ಕುರ್ಚಿ ಹಾಕಿಸಿದರು. ಅದರ ಮೇಲೆ ಬೆಳಗ್ಗೆ ಆರರಿಂದ ಎಂಟರವರೆಗೆ ಅವರ ತಂದೆಯವರು ಕೂರುತ್ತಾರೆ. ‘ಸಾಕು, ಬಾ ಈಚೆ’ ಎಂದು ಕೂಗುತ್ತಾರೆ. ತಿಂಗಳಿಗೆ ನಲವತ್ತೈದು ಯೂನಿಟ್ ಉಳಿತಾಯ, ಬಿಲ್ಲು ಸೊನ್ನೆ, ಬಂಡವಾಳ ಒಂದು ಪ್ಲಾಸ್ಟಿಕ್ ಕುರ್ಚಿ. ಯಾವ ಕಂಪನಿಯ ಪ್ಯಾನೆಲ್ಲೂ ಈ ಪೇಬ್ಯಾಕಿಗೆ ಸಾಟಿಯಲ್ಲ.

ಗುಜರಾತ್, ಮಹಾರಾಷ್ಟ್ರಗಳಲ್ಲಿ ಸೂರ್ಯಘರ್ ಪ್ಯಾನೆಲ್ಲು ಸಾಲುಸಾಲಾಗಿ ಏರುತ್ತಿರುವಾಗ ಕರ್ನಾಟಕದಲ್ಲೇಕೆ ಇಷ್ಟು ನಿಧಾನ ಎಂದು ಆಗಾಗ ಚರ್ಚೆಯಾಗುತ್ತದೆ. ಜಾಗೃತಿಯ ಕೊರತೆ ಎನ್ನುತ್ತಾರೆ. ಕೊರತೆ ಏನೂ ಇಲ್ಲ, ಜನ ಎಚ್ಚರವಾಗಿಯೇ ಇದ್ದಾರೆ. ಒಂದು ಸರ್ಕಾರ 200 ದಾಟಬೇಡ, ಪುಕ್ಕಟೆ ಕೊಡುತ್ತೇನೆ ಅನ್ನುತ್ತದೆ. ಇನ್ನೊಂದು 300 ನೀನೇ ಮಾಡಿಕೋ, ಅದೇ ಪುಕ್ಕಟೆ ಅನ್ನುತ್ತದೆ. ಒಂದಕ್ಕೆ ಬೇಕಾದದ್ದು ಸೇವಾ ಸಿಂಧುವಿನಲ್ಲಿ ಒಂದು ಅರ್ಜಿ. ಇನ್ನೊಂದಕ್ಕೆ ಸ್ವಂತ ಮನೆ, ಸ್ವಂತ ತಾರಸಿ, ಲಕ್ಷ ರೂಪಾಯಿ, ಬ್ಯಾಂಕಿನ ಸಾಲ, ಸಬ್ಸಿಡಿ ಖಾತೆಗೆ ಬೀಳುವ ತನಕ ತಾಳ್ಮೆ. ಎರಡು ಪುಕ್ಕಟೆಗಳ ನಡುವೆ ಸ್ಪರ್ಧೆ ಇಟ್ಟರೆ ಕನ್ನಡಿಗ ಕೆಲಸ ಕಡಿಮೆ ಇರುವುದನ್ನು ಆರಿಸಿಕೊಂಡ. ಅವನ ಗಣಿತದಲ್ಲಿ ತಪ್ಪು ಹುಡುಕುವುದು ಕಷ್ಟ.

ಹಾಗಾದರೆ ಗಿಟ್ಟುವುದು ಯಾರಿಗೆ? ಇದಕ್ಕೆ ಉತ್ತರ ಆಡಿಟರ ಎಕ್ಸೆಲ್ಲಿನ ನಲವತ್ತನೇ ಸಾಲಿನಲ್ಲಿ ಸ್ಪಷ್ಟವಾಗಿದೆ, ಯಾವ ಅನುಮಾನವೂ ಇಲ್ಲ. ತಿಂಗಳಿಗೆ 350 ಯೂನಿಟ್ ಸುಡುವ ಮನೆಗೆ ಅದೇ 2025ರ ದರದಲ್ಲಿ ಬಿಲ್ಲು 2,775 ರೂಪಾಯಿಯ ಆಸುಪಾಸು. ಪ್ಯಾನೆಲ್ ಬಂದರೆ ನಿಗದಿತ ಶುಲ್ಕ ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ. ವರ್ಷಕ್ಕೆ 28,000 ಉಳಿತಾಯ. ನಾಲ್ಕೂವರೆ ವರ್ಷದೊಳಗೆ ಹಾಕಿದ ದುಡ್ಡು ಕೈಗೆ ಬರುತ್ತದೆ. ಪ್ಯಾನೆಲ್ಲಿನ ವಾರಂಟಿ ಇಪ್ಪತ್ತೈದು ವರ್ಷ. ಮಧ್ಯದಲ್ಲಿ ಒಮ್ಮೆ ಇನ್ವರ್ಟರ್ ಬದಲಿಸಬೇಕಾದೀತು, ಅಷ್ಟೇ. ಇಷ್ಟು ಆದಾಯ ಕೊಡುವ ಎಫ್‌ಡಿ ಯಾವ ಸೊಸೈಟಿಯಲ್ಲೂ ಇಲ್ಲ, ಇದ್ದರೆ ಅದು ಮುಳುಗುವ ಸೊಸೈಟಿ. 500 ಯೂನಿಟ್ ಸುಡುವವರಿಗೂ ಅದೇ ಸುಖ: ಮಲಗುವ ಕೋಣೆಗೊಂದು ಎಸಿ, ಪೋರ್ಟಿಕೋದಲ್ಲಿ ಚಾರ್ಜಿಗೆ ಹಾಕಿದ ಕಾರು. ಅವರ ಮನೆ ಬಾಗಿಲಿಗೇ 78,000 ಸಬ್ಸಿಡಿ ಹೋಗುತ್ತದೆ. ಅದೇ ಮನೆಯ ಮೆಟ್ಟಿಲ ಕೆಳಗಿನ ಒಂದು ಕೋಣೆಯಲ್ಲಿ ಬಾಡಿಗೆಗೆ ಇರುವ ಇಸ್ತ್ರಿಯವನಿಗೆ ಸೂರ್ಯ ಇದ್ದಾನೆ, ಸೂರಿಲ್ಲ.

ಆಡಿಟರಿಗೆ ಇನ್ನೊಂದು ದಾರಿಯೂ ಕಂಡಿತ್ತು. 140 ಬಳಸಿ ಉಳಿದದ್ದನ್ನು ಮಾರಿದರೆ? ಮಾರಬಹುದು. ಆದರೆ 9 ರೂಪಾಯಿ 56 ಪೈಸೆಯ ಕಾಲ ಎಂದೋ ಮುಗಿಯಿತು. ಈಗ ಮನೆಯವರ ಹೆಚ್ಚುವರಿ ಕರೆಂಟನ್ನು ಕೊಳ್ಳುವ ದರ, ಅದೇ ಮನೆಯವರಿಗೆ ಮಾರುವ ದರಕ್ಕಿಂತ ಬಹಳ ಕೆಳಗೆ. ಮಧ್ಯಾಹ್ನ ನಿಮ್ಮ ತಾರಸಿಯಿಂದ ಹೊರಟ ಯೂನಿಟ್ಟು ಕಂಬದವರೆಗೆ ಹೋಗಿ ಪಕ್ಕದ ಮನೆಗೆ ತಿರುಗುವಷ್ಟರಲ್ಲಿ ದುಬಾರಿಯಾಗಿರುತ್ತದೆ. ಎಪಿಎಂಸಿಗೆ ಟೊಮೆಟೊ ಹಾಕಿದ ಯಾವ ರೈತನನ್ನು ಕೇಳಿದರೂ ಇದನ್ನು ವಿವರಿಸಿಯಾನು.

ಕರೆಂಟು ಹೋದಾಗಿನ ಕಥೆ ಬೇರೆ. ಮೂರನೇ ಅಡ್ಡರಸ್ತೆಯಲ್ಲಿ ಸೋಲಾರ್ ಹಾಕಿಸಿಕೊಂಡ ಮೊದಲ ಮನೆಯವರು ಅದಕ್ಕೊಂದು ಸತ್ಯನಾರಾಯಣ ಪೂಜೆ ಇಟ್ಟಿದ್ದರು. ಪ್ರಸಾದಕ್ಕೆ ಕೈಚಾಚಿದ ಹೊತ್ತಿಗೆ ಸರಿಯಾಗಿ ಬೀದಿಗೆಲ್ಲ ಕರೆಂಟು ಹೋಯಿತು. ನೆತ್ತಿಯ ಮೇಲೆ ಏಪ್ರಿಲ್ಲಿನ ಸೂರ್ಯ, ತಾರಸಿಯ ಮೇಲೆ ಆರು ಪ್ಯಾನೆಲ್ಲು, ಕೆಳಗೆ ಫ್ಯಾನು ನಿಂತಿದೆ. ‘ನಿಮ್ಮಲ್ಲೂ ಇಲ್ವಾ?’ ಎಂದು ಎದುರು ಮನೆಯ ಆಂಟಿ ಕೇಳಿದ ದನಿಯಲ್ಲಿದ್ದ ಸಹಾನುಭೂತಿಯನ್ನು ಆ ಯಜಮಾನರು ಇನ್ನೂ ಮರೆತಿಲ್ಲ. ಕಾರಣ ನ್ಯಾಯವಾದದ್ದೇ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರು, ಬೀದಿಯಲ್ಲಿ ಕರೆಂಟು ಹೋದ ಕ್ಷಣ ತಾನೂ ನಿಲ್ಲಬೇಕು. ನಿಲ್ಲದಿದ್ದರೆ ನಿಮ್ಮ ತಾರಸಿಯ ಕರೆಂಟು ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಸಂಚಕಾರ. ಕೊಟೇಶನ್ನಿನ ಹನ್ನೆರಡು ಪುಟಗಳಲ್ಲಿ ಮರಗಳಿಗೆ ಜಾಗ ಸಿಕ್ಕಿತು, ಇದಕ್ಕೆ ಸಿಗಲಿಲ್ಲ. ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಬಹುದು, ಅದಕ್ಕೆ ಬೇರೆ ದುಡ್ಡು, ಬ್ಯಾಟರಿಗೆ ಸಬ್ಸಿಡಿ ಇಲ್ಲ. ಪೂಜೆಯ ಮನೆಯವರು ಈಗ ಹಳೆಯ ಯುಪಿಎಸ್ಸನ್ನು ಅಟ್ಟದಿಂದ ಇಳಿಸಿದ್ದಾರೆ.

ತಾರಸಿ ಎಂಬುದು ನಮ್ಮಲ್ಲಿ ಖಾಲಿ ಇರುವ ಜಾಗ ಎಂದು ದೆಹಲಿಯಲ್ಲಿ ಕೂತು ಯೋಜನೆ ಮಾಡಿದವರು ಅಂದುಕೊಂಡಿದ್ದಾರೆ. ಅಲ್ಲಿ ಸಿಂಟೆಕ್ಸ್ ಟ್ಯಾಂಕು ಇದೆ, ಸೋಲಾರ್ ಹೀಟರ್ ಇದೆ, ಡಿಶ್ ಇದೆ, ಬಟ್ಟೆ ಒಣಹಾಕುವ ತಂತಿ ಇದೆ, ಮುರಿದ ಕುರ್ಚಿಗಳ ವೃದ್ಧಾಶ್ರಮ ಇದೆ. ಮಾರ್ಚಿ ಬಂತೆಂದರೆ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ. ಪ್ಯಾನೆಲ್ಲಿಗೆ ಬೇಕಾದ ಬಿಸಿಲೇ ಸಂಡಿಗೆಗೂ ಬೇಕು. ಹಿರಿತನ ಸಂಡಿಗೆಯದು. ಪ್ಯಾನೆಲ್ಲನ್ನು ಎತ್ತರಿಸಿ ಕಬ್ಬಿಣದ ಸ್ಟ್ರಕ್ಚರ್ ಮೇಲೆ ಕೂರಿಸಿ ಕೆಳಗೆ ಓಡಾಡಲು ಜಾಗ ಬಿಡಬಹುದು, ಅದಕ್ಕೆ ಬೇರೆ ಹಣ. ಹಣ ಕೊಟ್ಟರೂ ಕೆಳಗೆ ನೆರಳು. ನೆರಳಲ್ಲಿ ಸಂಡಿಗೆ ಒಣಗುವುದಿಲ್ಲ ಎಂಬ ತಾಂತ್ರಿಕ ಸಮಸ್ಯೆಗೆ ಯಾವ ಎಂಜಿನಿಯರನಲ್ಲೂ ಪರಿಹಾರ ಇರಲಿಲ್ಲ.

ಮೇಲೆ ವಾಸ್ತು. ನಮ್ಮ ದೇಶದಲ್ಲಿ ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಬೇಕು, ಭೂಗೋಳ ಹಾಗಿದೆ. ದಕ್ಷಿಣ ಯಮನ ದಿಕ್ಕು, ಪಂಚಾಂಗ ಹಾಗಿದೆ. ವಾಸ್ತುತಜ್ಞರು ತಾರಸಿಯ ಮೇಲೆ ಒಂದು ಸುತ್ತು ಹಾಕಿ, ಭಾರವೆಲ್ಲ ನೈಋತ್ಯಕ್ಕಿರಲಿ, ಈಶಾನ್ಯ ಹಗುರವಾಗಿರಲಿ ಎಂದು ಅಪ್ಪಣೆ ಕೊಡಿಸಿ ಹೋದರು. ನೈಋತ್ಯದಲ್ಲಿ ಈಗಾಗಲೇ ಅವರೇ ಹೇಳಿ ಕಟ್ಟಿಸಿದ ಟ್ಯಾಂಕಿನ ನೆರಳು. ಒಂದು ಪ್ಯಾನೆಲ್ಲಿನ ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಹೊಡೆತ. ಆಡಿಟರು ವಾಸ್ತುತಜ್ಞರ ದಕ್ಷಿಣೆಯನ್ನು ಬಂಡವಾಳ ವೆಚ್ಚದಲ್ಲಿ ತೋರಿಸಿದರು, ಸವಕಳಿ ಶೇ 100.

ನೆರಳಿನ ವಿಚಾರದಲ್ಲಿ ಅವರ ನಿಜವಾದ ಭಯ ಟ್ಯಾಂಕು ಅಲ್ಲ, ದಕ್ಷಿಣದ ಪಕ್ಕದ ಮನೆಯವರು. ಅವರದು ಈಗ ಎರಡು ಮಹಡಿ. ಮಗನಿಗೆ ಮದುವೆ ಗೊತ್ತಾಗಿದೆ. ಮದುವೆ ಗೊತ್ತಾದರೆ ಬೆಂಗಳೂರಿನಲ್ಲಿ ಮೂರನೇ ಮಹಡಿ ಏಳುತ್ತದೆ, ಪ್ಲಾನಿನಲ್ಲಿ ಇರಲಿ ಬಿಡಲಿ. ಬೆಳಕಿನ ಹಕ್ಕು ಎಂದು ಒಂದಿದೆಯಲ್ಲ ಎಂದು ಆಡಿಟರು ಕಾನೂನು ತಿರುವಿದರು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ಕಟ್ಟಡವೊಂದಕ್ಕೆ ಬರುವ ಬೆಳಕನ್ನು ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಅನುಭವಿಸಿದ್ದರೆ ಅದು ಹಕ್ಕಾಗುತ್ತದೆ. ಪ್ಯಾನೆಲ್ಲಿನ ಪೇಬ್ಯಾಕ್ ನಾಲ್ಕೂವರೆ ವರ್ಷ, ಹಕ್ಕು ಸಿಗಲು ಇಪ್ಪತ್ತು, ಪಕ್ಕದವರ ಮೂರನೇ ಮಹಡಿಗೆ ಎಂಟು ತಿಂಗಳು. ಆಡಿಟರು ಹುಡುಗಿಯ ಮನೆಯವರ ವಿಳಾಸ ವಿಚಾರಿಸಿದರು. ಯಾಕೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಪ್ಯಾನೆಲ್ಲನ್ನು ತೊಳೆಯಬೇಕು ಎಂಬುದೂ ಒಂದು ಲೆಕ್ಕ. ಬೆಂಗಳೂರಿನ ಧೂಳು, ಮೆಟ್ರೋ ಕಾಮಗಾರಿಯ ಸಿಮೆಂಟು, ಪಾರಿವಾಳಗಳ ಕೊಡುಗೆ. ಎರಡು ವಾರಕ್ಕೊಮ್ಮೆ ನೀರು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ಆಡಿಟರಿಗೆ ನೆನಪಿದೆ. ಪ್ಯಾನೆಲ್ಲು ವಾಹನದ ವ್ಯಾಖ್ಯೆಗೆ ಬರುತ್ತದೆಯೇ ಎಂದು ಸ್ಪಷ್ಟನೆ ಕೋರಿ ಮೂರು ಪುಟದ ಪತ್ರ ಸಿದ್ಧವಾಗಿದೆ.

ಕಲಬುರಗಿಯಲ್ಲಿರುವ ಅವರ ಬೀಗರು ಫೋನಿನಲ್ಲಿ ನಕ್ಕರು. ‘ನಿಮ್ ಬೆಂಗಳೂರಾಗ ಏನ್ ಬಿಸಿಲ್ ಅದ ಅಂತ ಸೋಲಾರ್ ಹಾಕಸ್ತೀರಿ? ಬಿಸಿಲಂದ್ರ ನಮ್ ಕಡೀದು ನೋಡ್ರಿ.’ ಆಡಿಟರು ಬಿಟ್ಟಾರೆಯೇ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಕಾವಲ್ಲ. 25 ಡಿಗ್ರಿ ಮೇಲೆ ಪ್ಯಾನೆಲ್ಲು ಕಾದಷ್ಟೂ ಪ್ರತಿ ಡಿಗ್ರಿಗೆ ಶೇ 0.3–0.4ರಷ್ಟು ಉತ್ಪಾದನೆ ಇಳಿಯುತ್ತದೆ ಎಂದು ಗ್ರಾಫ್ ಕಳಿಸಿದರು. ಬಿಸಿಲಿನಲ್ಲೂ ಬೆಂಗಳೂರೇ ಮೇಲು ಎಂದು ಸಾಬೀತಾದ ಮೇಲೆ ಬೀಗರು ಫೋನು ಎತ್ತುತ್ತಿಲ್ಲ.

ನಾವು ಇಲ್ಲಿ ತಾರಸಿಯನ್ನು ಸಂಡಿಗೆಗೂ ವಾಸ್ತುವಿಗೂ ಹಂಚಿಕೊಂಡು ಕೂತಿರುವಾಗ, ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆಯ ರೈತರು 13,000 ಎಕರೆಯಷ್ಟು ನೆಲವನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಬಿಟ್ಟರು. 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಎದ್ದಿತು. ಮಳೆ ಕೈಕೊಟ್ಟ ಊರು ಬಿಸಿಲನ್ನು ಬಾಡಿಗೆಗೆ ಕೊಟ್ಟಿತು. ಜಮೀನಿಲ್ಲದ ಕೂಲಿಯವರಿಗೆ ಅತ್ತ ಬಾಡಿಗೆಯೂ ಇಲ್ಲ, ಇತ್ತ ಕಳೆ ಕೀಳಲು ಶೇಂಗಾ ಹೊಲವೂ ಇಲ್ಲ. ಆ ಲೆಕ್ಕಕ್ಕೆ ಪೇಬ್ಯಾಕ್ ಕಲಂ ಹಾಕಿದವರನ್ನು ನಾನು ಕಂಡಿಲ್ಲ. ನಮ್ಮ ಬಡಾವಣೆಯ ಮುನ್ನೂರು ಚದರಡಿಯ ಮೇಲೆ ನಡೆದಷ್ಟು ಚರ್ಚೆ ಅಲ್ಲಿನ ಹದಿಮೂರು ಸಾವಿರ ಎಕರೆಯ ಮೇಲೆ ನಡೆದಿದ್ದರೆ ಗುತ್ತಿಗೆ ಪತ್ರಕ್ಕೆ ಇವತ್ತಿಗೂ ಸಹಿ ಬೀಳುತ್ತಿರಲಿಲ್ಲ.

ಅಪಾರ್ಟ್‌ಮೆಂಟುಗಳ ಕಡೆ ಹೋಗುವುದು ಬೇಡ. ಅಲ್ಲಿ ಲಿಫ್ಟು, ಪಂಪು, ಕಾರಿಡಾರ್ ದೀಪಗಳಿಗೆಂದು ಹಾಕಿಸಿದರೆ ಕಿಲೋವ್ಯಾಟಿಗೆ 18,000 ಸಬ್ಸಿಡಿ ಇದೆ. ಆದರೆ ತಾರಸಿ ಅರವತ್ತು ಮಾಲೀಕರದ್ದು, ಕೊನೆಯ ಮಹಡಿಯವರದ್ದು ಸ್ವಲ್ಪ ಜಾಸ್ತಿ. ನೆಲಮಹಡಿಯವರು ‘ನಾವು ಲಿಫ್ಟೇ ಹತ್ತಲ್ಲ’ ಎಂದಲ್ಲಿಗೆ ಸಭೆ ಬರಖಾಸ್ತು.

ಒಂದು ಮಾತು ಆಡಿಟರ ಮುಂದೆ ಇಟ್ಟು ನೋಡಿದೆ. ನಿಮ್ಮ ಮುಂಬಾಗಿಲು ತೇಗದ್ದು, ಗಣಪತಿ ಕೆತ್ತಿದ್ದು, ಅದೊಂದಕ್ಕೇ ಲಕ್ಷ ದಾಟಿದೆ. ಹಾಲಿನ ಫಾಲ್ಸ್ ಸೀಲಿಂಗಿಗೆ ಇನ್ನೊಂದು. ಅವಕ್ಕೆ ಪೇಬ್ಯಾಕ್ ಎಷ್ಟು? ಆಡಿಟರು ನನ್ನನ್ನು ದಡ್ಡ ಗುಮಾಸ್ತನನ್ನು ನೋಡುವಂತೆ ನೋಡಿದರು. ‘ಅದು ಮನೆ ಕಣಪ್ಪ. ಇದು ಇನ್ವೆಸ್ಟ್‌ಮೆಂಟು.’ ದುಡ್ಡು ವಾಪಸ್ ಕೊಡದ ವಸ್ತುವಿಗೆ ಲೆಕ್ಕ ಕೇಳುವುದಿಲ್ಲ, ಕೊಡುತ್ತೇನೆ ಎಂದದ್ದಕ್ಕೆ ಮಾತ್ರ ಕೇಳುವುದು. ಅಕೌಂಟೆನ್ಸಿಯ ಈ ಸೂಕ್ಷ್ಮ ನನಗೆ ಹೊಳೆದಿರಲಿಲ್ಲ.

ಮೊನ್ನೆ ಕೊಟೇಶನ್ ಹುಡುಗ ಕೊನೆಯ ಪ್ರಯತ್ನಕ್ಕೆಂದು ಬಂದ. ಆಡಿಟರು ಸೊನ್ನೆಯಿಂದ ಭಾಗಿಸಲಾಗದ ಹಾಳೆಯನ್ನು ತೋರಿಸಿದರು. ಹುಡುಗ ಬುದ್ಧಿವಂತ. ‘ಸಾರ್, ಪ್ರಾಬ್ಲಂ ಸೋಲಾರ್‌ದಲ್ಲ. ನಿಮ್ ಕನ್ಸಂಪ್ಷನ್ ಕಮ್ಮಿ. ಅದನ್ನ ಜಾಸ್ತಿ ಮಾಡ್ಕೊಳ್ಳಿ, ಪೇಬ್ಯಾಕ್ ತಾನಾಗೇ ಸರಿಹೋಗುತ್ತೆ’ ಎಂದ.

ಆಡಿಟರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಕನ್ನಡಕ ಒರೆಸಿಕೊಂಡು ಹೊಸ ಹಾಳೆ ತೆರೆದರು. ಒಂದೂವರೆ ಟನ್ನಿನ ಎರಡು ಎಸಿ, ಒಂದು ಇಂಡಕ್ಷನ್ ಒಲೆ, ಮಾರುಕಟ್ಟೆಗೆ ಹೋಗಿಬರಲು ಒಂದು ಎಲೆಕ್ಟ್ರಿಕ್ ಸ್ಕೂಟರು. 140 ಇದ್ದದ್ದು 380 ಆಯಿತು. ಗೃಹಜ್ಯೋತಿ ಆರಿತು, ಬಿಲ್ಲು ಮೂರು ಸಾವಿರ ಮುಟ್ಟಿತು, ಕೆಂಪಗಿದ್ದ ಕಲಂ ಹಸಿರಾಗಿ ‘4.2’ ಎಂದು ತೋರಿಸಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ಸೂರ್ಯೋದಯವಾಯಿತು. ಎಸಿ, ಒಲೆ, ಸ್ಕೂಟರಿನ ಬೆಲೆ ಬೇರೆ ಹಾಳೆಯಲ್ಲಿತ್ತು. ಅದಕ್ಕೆ ಪೇಬ್ಯಾಕ್ ಕಲಂ ಇರಲಿಲ್ಲ.

‘ರೀ, ನಮಗೆ ಎಸಿ ಯಾಕೆ? ಜೂನ್ ತಿಂಗಳಲ್ಲೇ ನೀವು ಸ್ವೆಟರ್ ಹಾಕ್ತೀರಿ’ ಎಂದರು ಒಳಗಿನಿಂದ ಪತ್ನಿ.

‘ಎಸಿ ನಮಗಲ್ಲ ಕಣೇ, ಪ್ಯಾನೆಲ್ಲಿಗೆ.’

ಅಡ್ವಾನ್ಸ್ ಚೆಕ್ಕಿಗೆ ತಾರೀಕು ಬರೆಯುತ್ತಿದ್ದಾಗ, ಅಳತೆಗೆಂದು ತಾರಸಿ ಹತ್ತಿದ್ದ ಸಹಾಯಕ ಹುಡುಗ ಕೆಳಗಿಳಿದು ಬಂದ. ಹೊಸಬ, ಮಾತಾಡುವ ಹುಮ್ಮಸ್ಸು. ‘ಸಾರ್, ಇನ್ನೊಂದು ಲಾಭ ಇದೆ ನಿಮಗೆ. ಪ್ಯಾನೆಲ್ ಕೂತಮೇಲೆ ತಾರಸಿಗೆ ನೇರ ಬಿಸಿಲು ಬೀಳಲ್ಲ. ಕೆಳಗಿನ ಬೆಡ್‌ರೂಮು ತಣ್ಣಗಿರುತ್ತೆ. ಎಸಿ ಗಿಸಿ ಏನೂ ಬೇಕಾಗೋದೇ ಇಲ್ಲ.’

ಕೊಟೇಶನ್ ಹುಡುಗ ಅವನ ಕಾಲು ತುಳಿಯುವಷ್ಟರಲ್ಲಿ ತಡವಾಗಿತ್ತು. ಆಡಿಟರು ಪೆನ್ನಿಗೆ ಕ್ಯಾಪು ಹಾಕಿದರು. ಹಾಳೆಯ ಕಡೆ ನೋಡಿದರು, ಸೂರಿನ ಕಡೆ ನೋಡಿದರು, ಕಿಟಕಿಯಾಚೆ ದಕ್ಷಿಣದ ಮನೆಯ ಕಡೆ ನೋಡಿದರು.

‘ಅಲ್ಲಪ್ಪ,’ ಎಂದರು, ‘ಮೀಟರು ನಮ್ಮನೇಲೇ ಇರ್ಲಿ. ಪ್ಯಾನೆಲ್ ಮಾತ್ರ ಪಕ್ಕದವರ ತಾರಸಿ ಮೇಲೆ ಹಾಕೋಕಾಗುತ್ತಾ?’